ಸೀರಿಯಲ್‌ಗೂ ಒಬ್ಬ ಅರ್ಥಧಾರಿ ಬೇಕು

ಕಳೆದ ವಾರ ಒಂಬತ್ತನೇ ಕ್ಲಾಸಿನ ನೋಟ್‌ಬುಕ್ ತಿದ್ದುತ್ತಾ ಕುಳಿತಿದ್ದೆ. ‘ನಾನು ಮೆಚ್ಚಿದ ಕಥೆ’ ಅಂತ ಬರೆಯಲು ಕೊಟ್ಟಿದ್ದೆ. ಹೆಚ್ಚಿನವರು ಪಾಠಪುಸ್ತಕದ ಕಥೆಯನ್ನೇ ಚಿಕ್ಕದು ಮಾಡಿ ಬರೆದಿದ್ದರು. ಒಬ್ಬಳು ಮಾತ್ರ ಮನೆಯಲ್ಲಿ ರಾತ್ರಿ ನೋಡುವ ಸೀರಿಯಲ್ ಬಗ್ಗೆ ಒಂದೂವರೆ ಪುಟ ಬರೆದಿದ್ದಳು. ಅದರಲ್ಲಿ ಹೀಗಿತ್ತು: “ಈ ಸೀರಿಯಲಿನಲ್ಲಿ ಯಾರೂ ಊಟ ಮುಗಿಸುವುದಿಲ್ಲ. ಬಟ್ಟಲಿಗೆ ಅನ್ನ ಬಿದ್ದ ಕೂಡಲೇ ಜಗಳ ಸುರುವಾಗುತ್ತದೆ. ಅಮ್ಮ ಬೀಡಿ ಕಟ್ಟುತ್ತಾ ನೋಡುತ್ತಾರೆ. ಅಮ್ಮನ ಕೈ ನಿಲ್ಲುವುದಿಲ್ಲ. ಸೀರಿಯಲಿನಲ್ಲಿ ಯಾರ ಕೈಯಲ್ಲಿಯೂ ಕೆಲಸ ಇಲ್ಲ.”

ಕೆಂಪು ಪೆನ್ನು ಕೆಳಗಿಟ್ಟೆ. ಇಪ್ಪತ್ತು ವರ್ಷ ಪಾಠ ಮಾಡಿದ ನನಗೆ ಇದು ಹೊಳೆದಿರಲಿಲ್ಲ. ನಾನೂ ಅದೇ ಸೀರಿಯಲ್ ನೋಡುತ್ತೇನೆ.

ಎರಡು ವರ್ಷದ ಹಿಂದೆ ಒಂದು ವಿಚಾರ ಸಂಕಿರಣಕ್ಕೆ ನನ್ನನ್ನು ಕರೆದಿದ್ದರು. ಕನ್ನಡ ಧಾರಾವಾಹಿಗಳ ಬಗ್ಗೆ ಮಾತಾಡುತ್ತೇನೆ ಅಂದೆ. “ಅದೆಲ್ಲ ಹೆಂಗಸರ ಟೈಂಪಾಸು ಟೀಚರ್, ಸಾಹಿತ್ಯದ ವಿಷಯ ಏನಾದರೂ ಕೊಡಿ” ಅಂದರು. ಮಂಜೇಶ್ವರದ ಗೋವಿಂದ ಪೈಗಳ ಬಗ್ಗೆ ಬರೆದುಕೊಟ್ಟೆ. ಅದು ನನಗೆ ಪ್ರೀತಿಯ ವಿಷಯವೇ. ಆದರೆ ಅವರ ಮಾತು ಮನಸ್ಸಿನಲ್ಲಿ ಮುಳ್ಳಿನ ಹಾಗೆ ಉಳಿಯಿತು. ನಮ್ಮ ಊರಿನ ಅರ್ಧಕ್ಕರ್ಧ ಜನ ದಿನಾ ನೋಡುವ ಕಥೆ ಸಾಹಿತ್ಯದ ಹತ್ತಿರವೂ ಸುಳಿಯಬಾರದಾ?

ಇಂಗ್ಲಿಷಿನಲ್ಲಿ ಟಿವಿ ಕಥೆಗಳ ಬಗ್ಗೆ ಗಂಭೀರವಾಗಿ ಬರೆಯುವ ಕೆಲಸ ಯಾವಾಗಲೋ ಸುರುವಾಗಿದೆ. ಅಮೆರಿಕದಲ್ಲಿ 1997ರಿಂದ 2003ರವರೆಗೆ ‘ಬಫಿ ದ ವ್ಯಾಂಪೈರ್ ಸ್ಲೇಯರ್’ ಎಂಬ ಟಿವಿ ಶೋ ಬರುತ್ತಿತ್ತು. ಹಗಲು ಹೈಸ್ಕೂಲಿಗೆ ಹೋಗುವ ಹುಡುಗಿ, ರಾತ್ರಿ ರಕ್ತಪಿಶಾಚಿಗಳ ಜೊತೆ ಹೋರಾಡುತ್ತಾಳೆ. ಹೆಸರು ಕೇಳಿದರೆ ಯಾರಾದರೂ ನಗಬಹುದು. ಏಳು ಸೀಸನ್, 144 ಕಂತು. ಈ ಶೋ ಬಗ್ಗೆ ಬರೆಯಲಿಕ್ಕೆಂದೇ 2001ರಲ್ಲಿ ಒಂದು ವಿದ್ವತ್ ಪತ್ರಿಕೆ ಹುಟ್ಟಿಕೊಂಡಿತು. 2003ರಲ್ಲಿ ಬೆನ್‌ಬೆಲ್ಲಾ ಎಂಬ ಪ್ರಕಾಶಕರು ‘ಸೆವೆನ್ ಸೀಸನ್ಸ್ ಆಫ್ ಬಫಿ’ ಎಂಬ ಪ್ರಬಂಧ ಸಂಕಲನ ತಂದರು. ಅದರಲ್ಲಿ ಬರೆದವರು ಹೆಸರಾಂತ ಸೈನ್ಸ್ ಫಿಕ್ಷನ್, ಫ್ಯಾಂಟಸಿ ಲೇಖಕರು. ಮುಂದೆ ‘ಸ್ಮಾರ್ಟ್ ಪಾಪ್’ ಅಂತ ಒಂದು ಮಾಲಿಕೆಯೇ ಬೆಳೆಯಿತು. ಒಂದು ಶೋ ಅಥವಾ ಹರೆಯದವರ ಒಂದು ಕಾದಂಬರಿ ತೆಗೆದುಕೊಳ್ಳುವುದು, ಹತ್ತು ಹದಿನೈದು ಜನ ಒಂದೊಂದು ಪ್ರಶ್ನೆ ಹಿಡಿದು ಬರೆಯುವುದು. ಅಷ್ಟೇ. ಭಾಷೆ ಸುಲಭ. ಪ್ರೀತಿಯಿಂದ ನೋಡಿದವರೇ ಬರೆದದ್ದು.

ಬಫಿಯ ಒಂದು ಕಂತಿನ ಬಗ್ಗೆ ಹೇಳಲೇಬೇಕು. ಹೆಸರು ‘ದ ಬಾಡಿ’, 2001ರದ್ದು. ಹುಡುಗಿ ಮನೆಗೆ ಬಂದಾಗ ತಾಯಿ ಸೋಫಾದ ಮೇಲೆ ಸತ್ತು ಬಿದ್ದಿರುತ್ತಾಳೆ. ಯಾವ ಪಿಶಾಚಿಯೂ ಕೊಂದದ್ದಲ್ಲ, ಕಾಯಿಲೆ. ಆ ಇಡೀ ಕಂತಿಗೆ ಹಿನ್ನೆಲೆ ಸಂಗೀತವೇ ಇಲ್ಲ. ಅಪ್ಪ ಹೋದ ದಿನ ನನಗೆ ಕೇಳಿಸಿದ್ದು ಪಕ್ಕದ ಮನೆಯ ಕುಕ್ಕರಿನ ಸೀಟಿ. ಒಂದು, ಎರಡು, ಮೂರು. ಇವತ್ತಿಗೂ ಕುಕ್ಕರ್ ಕೂಗಿದರೆ ಎದೆ ಒಮ್ಮೆ ಹಿಂಡುತ್ತದೆ. ಸಂಗೀತ ಯಾಕಿಲ್ಲ ಅಂತ ಯಾರೂ ನನಗೆ ವಿವರಿಸಬೇಕಾಗಿರಲಿಲ್ಲ.

ನಮ್ಮ ಸೀರಿಯಲಿನಲ್ಲಿ ಇದರ ಉಲ್ಟಾ. ಯಾರಾದರೂ ಸತ್ತ ಸುದ್ದಿ ಬಂದರೆ ಡಬಡಬ ಸದ್ದು, ಒಂದೇ ಮುಖ ಮೂರು ಸಲ, ಮೂರು ಕಡೆಯಿಂದ. ಇದನ್ನು ಬೈಯುವುದು ಸುಲಭ. ನಾನೂ ಬೈದಿದ್ದೇನೆ. ಆದರೆ ಆ ಹುಡುಗಿಯ ನೋಟ್‌ಬುಕ್ ಓದಿದ ಮೇಲೆ ಬೇರೆ ಒಂದು ವಿಷಯ ಹೊಳೆಯಿತು. ಬೀಡಿ ಕಟ್ಟುವ ಅಮ್ಮನ ಕಣ್ಣು ಎಲ್ಲಿರುತ್ತದೆ? ಮಡಿಲಿನ ಮೊರದಲ್ಲಿ. ಎಲೆ ಕತ್ತರಿಸಬೇಕು, ಹೊಗೆಸೊಪ್ಪಿನ ಪುಡಿ ತುಂಬಬೇಕು, ಸುರುಟಬೇಕು, ನೂಲು ಸುತ್ತಬೇಕು. ಅವರು ಸೀರಿಯಲ್ ನೋಡುವುದಕ್ಕಿಂತ ಜಾಸ್ತಿ ಕೇಳುತ್ತಾರೆ. ಡಬಡಬ ಅಂತ ಸದ್ದಾದಾಗ ತಲೆ ಎತ್ತುತ್ತಾರೆ. ಮುಖ ಮೂರು ಸಲ ಬಂದರೆ ಮಾತ್ರ ಒಂದು ಸಲವಾದರೂ ಕಣ್ಣಿಗೆ ಬೀಳುತ್ತದೆ. ಮೀನು ಕೊಯ್ಯುವವರಿಗೆ, ಚಪಾತಿ ಲಟ್ಟಿಸುವವರಿಗೆ, ಮಗುವಿಗೆ ತಿನ್ನಿಸುವವರಿಗೆ ಎಲ್ಲರಿಗೂ ಹೀಗೆಯೇ ಅಲ್ವಾ? ಕೈಗೆ ಬಿಡುವಿಲ್ಲದವರ ಕಿವಿಗೆ ಅಂತಲೇ ಈ ಕಥೆ ಹೇಳುವ ಕ್ರಮ ಬೆಳೆದಿರಬೇಕು ಅಂತ ನನಗೆ ಈಗ ಅನಿಸುತ್ತಿದೆ. ಇದರ ಮೇಲೆ ಹತ್ತು ಪುಟ ಬರೆಯಬಹುದು.

ಹರೆಯದವರ ಕಾದಂಬರಿಗೂ ಇದೇ ಮಾತು. ಪ್ಲಸ್ ಟು ಓದುವ ನನ್ನ ಅಕ್ಕನ ಮಗಳು ‘ದ ಹಂಗರ್ ಗೇಮ್ಸ್’ ಪುಸ್ತಕಗಳ ಹುಚ್ಚು ಹಿಡಿಸಿಕೊಂಡಿದ್ದಾಳೆ. ಸುಜಾನ್ ಕಾಲಿನ್ಸ್ ಬರೆದದ್ದು, ಮೊದಲನೆಯದು 2008ರಲ್ಲಿ ಬಂತು. ಮಕ್ಕಳನ್ನು ಒಬ್ಬರನ್ನೊಬ್ಬರು ಕೊಲ್ಲಲು ಬಿಟ್ಟು, ಅದನ್ನು ದೇಶಕ್ಕೆಲ್ಲ ಟಿವಿಯಲ್ಲಿ ತೋರಿಸುವ ಸರ್ಕಾರದ ಕಥೆ. ಒಂದು ರಾತ್ರಿ ಚಾನೆಲ್ ಬದಲಿಸುತ್ತಿದ್ದಾಗ ಒಂದು ಕಡೆ ರಿಯಾಲಿಟಿ ಶೋ, ಇನ್ನೊಂದು ಕಡೆ ಇರಾಕ್ ಯುದ್ಧ ಕಂಡು ಈ ಕಥೆ ಹುಟ್ಟಿತು ಅಂತ ಅವರೇ ಹೇಳಿದ್ದಾರೆ. 2011ರಲ್ಲಿ ಇದರ ಮೇಲೆಯೂ ಒಂದು ಪ್ರಬಂಧ ಸಂಕಲನ ಬಂತು, ‘ದ ಗರ್ಲ್ ಹೂ ವಾಸ್ ಆನ್ ಫೈರ್’. ಬರೆದವರು ಹರೆಯದವರಿಗಾಗಿ ಬರೆಯುವ ಕಾದಂಬರಿಕಾರರೇ. ಒಬ್ಬರು ಕಥೆಯಲ್ಲಿ ಬರುವ ಉಡುಪುಗಳ ಬಗ್ಗೆ ಬರೆದಿದ್ದಾರೆ, ಇನ್ನೊಬ್ಬರು ಗಾಯಗೊಂಡ ಮನಸ್ಸುಗಳ ಬಗ್ಗೆ. ಓದುಗರೆಲ್ಲ ನಾಯಕಿ ಕ್ಯಾಟ್‌ನಿಸ್‌ಗೆ ಪೀಟಾ ಒಳ್ಳೆಯವನಾ, ಗೇಲ್ ಒಳ್ಳೆಯವನಾ ಅಂತ ಎರಡು ಪಕ್ಷ ಮಾಡಿಕೊಂಡಿದ್ದರು. ಜೆನಿಫರ್ ಲಿನ್ ಬಾರ್ನ್ಸ್ ಎಂಬ ಲೇಖಕಿ, ಆ ಹುಡುಗರನ್ನು ಸ್ವಲ್ಪ ಬದಿಗಿಡಿ, ಕ್ಯಾಟ್‌ನಿಸ್ ಯಾರು ಅಂತ ನೋಡೋಣ ಎಂದು ಬರೆದರು. ಇದನ್ನು ಹೇಳಿದಾಗ ನಮ್ಮ ಹುಡುಗಿ ಸ್ವಲ್ಪ ಹೊತ್ತು ಸುಮ್ನೆ ಕುಳಿತಳು. ಆಮೇಲೆ ಅಂದಳು, “ಚಿಕ್ಕಮ್ಮಾ, ನಾನೂ ಪೀಟಾ ಬಗ್ಗೆಯೇ ಯೋಚಿಸ್ತಾ ಇದ್ದೆ.” ಆ ರಾತ್ರಿ ಮೊದಲನೇ ಪುಸ್ತಕವನ್ನು ಮತ್ತೆ ತೆರೆದಳು.

ಇದೆಲ್ಲ ಹೊರಗಿನವರ ಚಾಳಿ ಅಂತ ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ಕಾಸರಗೋಡಿನಲ್ಲಿ ಕುಳಿತು ಹಾಗೆ ಹೇಳಲೇಬಾರದು. ಯಕ್ಷಗಾನ ಪ್ರಸಂಗ ಬರೆದ ಕವಿ ಪಾರ್ತಿಸುಬ್ಬನ ಕುಂಬಳೆ ಇಲ್ಲಿಯದು. ಇಲ್ಲಿ ಮಳೆಗಾಲ ಬಂದರೆ ತಾಳಮದ್ದಳೆ. ವೇಷ ಇಲ್ಲ, ಕುಣಿತ ಇಲ್ಲ. ಭಾಗವತರು ಪದ ಹೇಳುತ್ತಾರೆ, ಅರ್ಥಧಾರಿಗಳು ಕುಳಿತಲ್ಲೇ ವಾದ ಮಾಡುತ್ತಾರೆ. ವಾಲಿವಧೆಯ ಕಥೆ ಗೊತ್ತಿಲ್ಲದವರು ಅಲ್ಲಿ ಯಾರಿದ್ದಾರೆ? ಆದರೂ ಮರದ ಮರೆಯಿಂದ ಬಾಣ ಬಿಟ್ಟದ್ದು ಸರಿಯಾ ಅಂತ ವಾಲಿ ಕೇಳುವಾಗ ಸಭೆ ಉಸಿರು ಬಿಗಿಹಿಡಿಯುತ್ತದೆ. ರಾಮ ಉತ್ತರ ಕೊಡಲೇಬೇಕು. ಶೇಣಿ ಗೋಪಾಲಕೃಷ್ಣ ಭಟ್ಟರು ವಾಲಿಯಾಗಿ, ಮಾಗಧನಾಗಿ ಕುಳಿತು ಮಾತಾಡಿದ್ದನ್ನು ಕೇಳಿದವರು ಈಗಲೂ ನಮ್ಮ ನಡುವೆ ಇದ್ದಾರೆ. ನನ್ನ ಅಜ್ಜ ತಾಳಮದ್ದಳೆ ಮುಗಿಸಿ ಬೆಳಿಗ್ಗೆ ಮನೆಗೆ ಬಂದರೆ ಚಾ ಕುಡಿಯುತ್ತಾ ಅಜ್ಜಿಯ ಹತ್ತಿರ ಅದೇ ವಾದ ಮುಂದುವರಿಸುತ್ತಿದ್ದರು. ಅಜ್ಜಿ ಯಾವಾಗಲೂ ವಾಲಿಯ ಹೆಂಡತಿ ತಾರೆಯ ಪಕ್ಷ.

ಟಿ.ಎನ್. ಸೀತಾರಾಮ್ ಅವರ ಧಾರಾವಾಹಿಗಳು ನಮ್ಮ ಕಡೆಯವರಿಗೆ ಅಷ್ಟು ಇಷ್ಟವಾದದ್ದು ಇದಕ್ಕೇ ಇರಬಹುದು. ಅವುಗಳಲ್ಲಿ ಬರುವ ವಕೀಲ ಸಿ.ಎಸ್.ಪಿ. ಕೋರ್ಟಿನಲ್ಲಿ ವಾದಕ್ಕೆ ಎದ್ದು ನಿಂತರೆ ನಮ್ಮ ಮನೆಯಲ್ಲಿ ಮಿಕ್ಸಿ ಹಾಕುವಂತಿರಲಿಲ್ಲ.

ಗಡಿನಾಡಿನವರಿಗೆ ಇದರಲ್ಲಿ ಇನ್ನೊಂದು ವಿಷಯ ಇದೆ. 1956ರ ನವೆಂಬರ್ 1ಕ್ಕೆ ನಾವು ಕೇರಳಕ್ಕೆ ಸೇರಿದೆವು. ನನ್ನ ಕ್ಲಾಸಿನ ಮಕ್ಕಳು ಮನೆಯಲ್ಲಿ ತುಳು, ಹವ್ಯಕ, ಮರಾಠಿ, ಕೊಂಕಣಿ, ಮಲಯಾಳ ಮಾತಾಡುತ್ತಾರೆ. ಬಸ್ಸಿನ ಬೋರ್ಡು ಮಲಯಾಳ, ಹೆಚ್ಚಿನ ಆಫೀಸಿನ ಕಾಗದ ಮಲಯಾಳ. ಅವರಿಗೆ ಕನ್ನಡ ಅಂದರೆ ಶಾಲೆಯ ಪುಸ್ತಕದ ಕನ್ನಡ. ಜನ ಸಿಟ್ಟಿನಲ್ಲಿ, ಪ್ರೀತಿಯಲ್ಲಿ, ಚೌಕಾಸಿಯಲ್ಲಿ ಆಡುವ ಕನ್ನಡ ಅವರ ಕಿವಿಗೆ ಬೀಳುವುದು ಸೀರಿಯಲಿನಿಂದ. ‘ಕಣೋ’, ‘ಕಣೇ’, ‘ಹೋಗ್ಲಿ ಬಿಡು’ ಎಲ್ಲ ಅವರು ಕಲಿತದ್ದು ಅಲ್ಲಿಂದ. ಆದರೆ ಅವರ ಊರಿನ ಮಾತು, ಅವರ ಅಡಿಕೆ ತೋಟ, ಅವರ ಬಸ್‌ಸ್ಟ್ಯಾಂಡ್ ಆ ಪರದೆಯಲ್ಲಿ ಇಲ್ಲ. ಆ ಕಥೆಗಳಿಂದ ಇವರಿಗೆ ಏನು ಸಿಕ್ಕಿತು, ಏನು ಸಿಗಲಿಲ್ಲ ಅಂತ ಬೆಂಗಳೂರಿನಲ್ಲಿ ಕುಳಿತವರು ಬರೆಯಲಾರರು. ನಮ್ಮ ಮಕ್ಕಳೇ ಬರೆಯಬೇಕು.

ನನ್ನ ಕಪಾಟಿನಲ್ಲಿ ಕನ್ನಡದ ವಿಮರ್ಶಾ ಪುಸ್ತಕಗಳು ಎರಡು ಸಾಲು ಇವೆ. ಹರೆಯದವರು ಓದುವ, ನೋಡುವ ಕಥೆಯ ಬಗ್ಗೆ ಒಂದೂ ಇಲ್ಲ. ಹಾಗೆ ನೋಡಿದರೆ ನಮ್ಮಲ್ಲಿ ಹದಿಹರೆಯಕ್ಕೆ ಅಂತ ಬೇರೆ ಶೆಲ್ಫೇ ಇಲ್ಲ. ನಮ್ಮ ಮಕ್ಕಳು ಮಕ್ಕಳ ಕಥೆಯಿಂದ ನೇರ ತೇಜಸ್ವಿಯವರ ‘ಕರ್ವಾಲೊ’ಗೆ ಹಾರುತ್ತಾರೆ. ಒಳ್ಳೆಯ ಹಾರಾಟವೇ. 1980ರ ಪುಸ್ತಕ, ಇವತ್ತಿಗೂ ಮಕ್ಕಳು ಕೇಳಿ ಒಯ್ಯುತ್ತಾರೆ. ಹತ್ತನೇ ಕ್ಲಾಸಿನ ಒಬ್ಬ ಹುಡುಗ ಪುಸ್ತಕ ವಾಪಸು ಕೊಡುವಾಗ ಕೇಳಿದ, “ಮಂದಣ್ಣನಿಗೆ ಕಾಡಿನದ್ದು ಇಷ್ಟೆಲ್ಲ ಗೊತ್ತುಂಟಲ್ಲ ಟೀಚರ್, ಮತ್ತೆ ಅವನನ್ನು ಯಾಕೆ ಎಲ್ಲರೂ ಪೆದ್ದ ಅನ್ನುವುದು?” ಬರೆದುಕೊಂಡು ಬಾ ಅಂದೆ. ಬರೆದು ತಂದಿದ್ದಾನೆ, ನಾಲ್ಕು ಪುಟ.

ಹಾಗಾಗಿ ನಾನೇ ಸುರು ಮಾಡಿದ್ದೇನೆ. ಸದ್ಯಕ್ಕೆ ನನ್ನ ಹತ್ತಿರ ಮೂರು ಬರಹ ಇವೆ: ಊಟ ಮುಗಿಸದ ಮನೆ, ಮಂದಣ್ಣ, ಅಕ್ಕನ ಮಗಳ ಕ್ಯಾಟ್‌ನಿಸ್. ಮಂಜೇಶ್ವರದಿಂದ ಹೊಸದುರ್ಗದವರೆಗೆ ಕನ್ನಡ ಕ್ಲಾಸು ತೆಗೆದುಕೊಳ್ಳುವ ಸ್ನೇಹಿತರೇ, ನಿಮ್ಮ ಮಕ್ಕಳ ಹತ್ತಿರ ಒಂದು ಪ್ರಶ್ನೆ ಹಿಡಿದು ಬರೆಯಲು ಹೇಳಿ. ಸೀರಿಯಲ್ ಆಗಲಿ, ಕಾದಂಬರಿ ಆಗಲಿ, ಮಲಯಾಳದ್ದೇ ಆಗಲಿ, ಅವರು ನಿಜವಾಗಿ ನೋಡಿದ್ದು, ಓದಿದ್ದು ಆಗಿರಬೇಕು. ಟೈಪ್ ಮಾಡುವ ಕೆಲಸ ನನ್ನದು. ನೋಟ್‌ಬುಕ್ಕಿನ ಹಾಳೆಯ ಫೋಟೋ ತೆಗೆದು ಇನ್‌ಬಾಕ್ಸಿಗೆ ಕಳುಹಿಸಿದರೆ ಸಾಕು. ಕಾಗುಣಿತ ತಿದ್ದಬೇಡಿ, ಹಾಗೆಯೇ ಕಳುಹಿಸಿ.