ಅಂಗಿ ಕೊಳ್ಳೂ ಮುಂದ ಒಳಮಗ್ಗಲ ತಿರುವಿ ನೋಡ್ರಿ

ಈಗಷ್ಟ ಒಂದು ರೀಲ್ ನೋಡಿ ತಲಿ ಕೆಟ್ಟೈತಿ. "ಹತ್ತೇ ಅರಿವಿ, ಜೀವಮಾನಕ್ಕ ಸಾಕು" ಅಂತ. ಪಟ್ಟಿ ಕೇಳ್ರಿ: ಟ್ರೆಂಚ್ ಕೋಟು (ಮಳಿ-ಚಳಿಗೆ ಹಾಕೂ ಉದ್ದನ್ನ ಕೋಟು), ಕ್ಯಾಶ್ಮೀರ್ ಸ್ವೆಟರ್, ಉಣ್ಣಿ ಬ್ಲೇಜರ್, ಬಿಳಿ ಅಂಗಿ, ನೀಲಿ ಜೀನ್ಸ್, ಉಳಿದದ್ದೆಲ್ಲಾ ಉಸುಕಿನ ಬಣ್ಣದ್ದು. ಕೆಳಗ ಬಾಗಲಕೋಟಿ, ಜಮಖಂಡಿ, ವಿಜಯಪುರದ ಮಂದಿ "ಲಿಂಕ್ ಕಳಸ್ರಿ ಸರ್" ಅಂತ ಸಾಲು ಹಚ್ಚ್ಯಾರ. ಏಪ್ರಿಲ್‌ನಾಗ 40 ಡಿಗ್ರಿ ದಾಟೂ ಊರಾಗ ಟ್ರೆಂಚ್ ಕೋಟು! ಹಾಕ್ಕೊಂಡು ಬಾಗಲಕೋಟಿ ನವನಗರದ ಬಸ್‌ಸ್ಟ್ಯಾಂಡಿನಾಗ ಹತ್ತು ನಿಮಿಷ ನಿಂದರ್ರಿ, ಗೊತ್ತಾಗತೈತಿ.

ಆದ್ರ ನನ್ನ ಸಿಟ್ಟು ಅದಲ್ಲ. ಕೋಟು ತಗೊಳ್ಳೂರು ತಗೊಳ್ಳಲಿ, ರೊಕ್ಕಾ ಅವರದು. ಸಿಟ್ಟು ಏನಂದ್ರ, ಅಷ್ಟೂ ಹೊತ್ತು ಆ ಹುಡುಗ ಒಂದ ಒಂದು ಅರಿವೀನೂ ಒಳಮಗ್ಗಲ ತಿರುವಿ ತೋರಸಲಿಲ್ಲ. ಬಣ್ಣ ತೋರಿಸಿದ, ಮೈಮ್ಯಾಲೆ ಹೆಂಗ ಬೀಳತೈತಿ ತೋರಿಸಿದ, ಕನ್ನಡಿ ಮುಂದ ತಿರಗಾಡಿದ. ಹೊಲಿಗಿ? ಊಹೂಂ. ವರ್ಷಗಟ್ಲೆ ಬಾಳಿಕಿ ಬರತೈತಿ ಅಂತ ಹೇಳಾಂವಗ ಹೊಲಿಗಿ ತೋರಸಾಕ ಏನಾಗಿತ್ತು?

ಎಂದೂ ಹಳೇದಾಗೂದಿಲ್ಲ ಅಂತಾರಲ್ಲ, ಆ ಅರಿವಿ ಬಹಳಷ್ಟು ಒಂದು ಕಾಲಕ್ಕ ಕೆಲಸದ ಅರಿವಿ. ಟ್ರೆಂಚ್ ಕೋಟು ಮೊದಲನೇ ಮಹಾಯುದ್ಧದಾಗ ಮಳಿ-ಕೆಸರಿನ ಕಂದಕದಾಗ ನಿಂತ ಬ್ರಿಟಿಷ್ ಅಧಿಕಾರಿಗಳದು. ಜೀನ್ಸಿನ ಕಿಸೆ ಮೂಲಿಗೆ ರಿವಿಟ್ ಯಾಕ ಬಂತು? ದುಡಿಯೂ ಮಂದಿಯ ಕಿಸೆ ಹರೀತಿದ್ದುವು, ಜೇಕಬ್ ಡೇವಿಸ್ ಅನ್ನೂ ಟೇಲರ್ ಅಲ್ಲಿ ತಾಮ್ರದ ರಿವಿಟ್ ಬಡದ, 1873ರಾಗ ಲೀವೈ ಸ್ಟ್ರಾಸ್ ಜೋಡಿ ಪೇಟೆಂಟ್ ತಗೊಂಡ. ಅವು ತಮ್ಮ ಹವಾಕ್ಕ, ತಮ್ಮ ಕೆಲಸಕ್ಕ ಹುಟ್ಟಿದವು. ನಮ್ಮ ಹವಾಕ್ಕ ಹುಟ್ಟಿದ್ದು ಧೋತರ, ನೆಹರು ಶರ್ಟು, ಖಾದಿ, ಇಳಕಲ್ ಸೀರಿ, ಗುಳೇದಗುಡ್ಡದ ಖಣ. ರೀಲಿನ ಪಟ್ಟಿಯೊಳಗ ಒಂದೂ ಇಲ್ಲ. ಇರಲಿ ಬಿಡ್ರಿ, ಅದರಾಗಿನ ಬಿಳಿ ಅಂಗೀನ ಹಿಡಕೊಂಡು ಮಾತಾಡೋಣು.

ಅಂಗಡ್ಯಾಗ ಅಂಗಿ ಕೈಗೆ ಬಂದ ಕೂಡ್ಲೆ ಒಳಮಗ್ಗಲ ತಿರುವ್ರಿ. ಮೊದಲ ಬಗಲಿನ ಹೊಲಿಗಿ. ಬಟ್ಟಿ ಅಂಚಿಗೆ ದಾರ ಸುತ್ತಿ ಬರೀ ಓವರ್‌ಲಾಕ್ ಹೊಡದು ಬಿಟ್ಟಾರೋ, ಎರಡೂ ಅಂಚು ಒಂದರಾಗ ಒಂದು ಮಡಚಿ ಮುಚ್ಚಿ ಹೊಲದಾರೋ? ಬರೀ ಓವರ್‌ಲಾಕ್ ಇದ್ದದ್ದು ಒಗದಂಗ ಒಗದಂಗ ಎಳಿ ಬಿಡತೈತಿ. ಮುಚ್ಚಿ ಹೊಲದದ್ದಕ್ಕ ಅಂಚ ಕಾಣೂದಿಲ್ಲ, ಎಳಿ ಬಿಡೂದು ಎಲ್ಲಿಂದ?

ಆಮ್ಯಾಲೆ ಟಾಕಿ, ಅಂದ್ರ ಸೂಜಿ ಒಂದೊಂದ ಸರ್ತಿ ಹಾಕಿದ ಹೊಲಿಗಿ, ಎಣಸ್ರಿ. ಹೆಬ್ಬೆರಳಿನ ಮ್ಯಾಲಿನ ಗೆಣ್ಣು ಹೆಚ್ಚುಕಡಿಮಿ ಒಂದು ಇಂಚು. ಅಷ್ಟರಾಗ 8–9 ಟಾಕಿ ಇದ್ರ ಕೆಳಗ ಇಡ್ರಿ, 14ರಿಂದ 18 ಇದ್ರ ಚೊಲೋ ಅಂಗಿ. ಕಾರಖಾನ್ಯಾಗ ಟಾಕಿ ಉದ್ದ ಮಾಡಿದಂಗ ಮಶೀನ್ ಲಗೂನ ಮುಗಸತೈತಿ, ದಾರಾನೂ ಉಳಿತೈತಿ, ಅದಕ್ಕ ಕಡಿಮಿ ಹಾಕತಾರ. ಹಂಗಂತ ತೆಳ್ಳನ್ನ ಮಲ್‌ಮಲ್ ಬಟ್ಟಿಗೆ ಬೇಕಾದಷ್ಟು ಟಾಕಿ ಬಡದ್ರ ಹೊಲಿಗಿ ಸುಕ್ಕ ಹಿಡದು ನಿಂದರತೈತಿ. ಬಟ್ಟಿಗೆ ತಕ್ಕಂಗ ಹೊಲಿಗಿ.

ಕಾಲರ್ ಕಡೆ ಬರ್ರಿ. ಅದರಾಗ ಒಳಗ ಬಕ್ರಮ್, ಅಂದ್ರ ಕಾಲರ್ ಬಿರುಸಾಗಿ ನಿಂದರಾಕ ಹಾಕೂ ಗಟ್ಟಿ ಬಟ್ಟಿ, ಇರತೈತಿ, ರೆಡಿಮೇಡಿನಾಗ ಅದನ್ನ ಅಂಟು ಹಚ್ಚಿ ಕಾಸಿ ಒತ್ತಿರತಾರ. ಹೊರಗಿನ ಬಟ್ಟಿ ಒಂದು ನಮೂನಿ ಕುಗ್ಗತೈತಿ, ಬಕ್ರಮ್ ಇನ್ನೊಂದು ನಮೂನಿ, ಅಂಟು ಬಿಡತೈತಿ, ಕಾಲರ್ ಮ್ಯಾಲೆ ಹಪ್ಪಳದಂಗ ಗುಳ್ಳಿ ಏಳತಾವ. ಒಮ್ಮಿ ಎದ್ದುವಂದ್ರ ಯಾವ ಇಸ್ತ್ರೀನೂ ಇಳಸೂದಿಲ್ಲ. ಅಂಗಡ್ಯಾಗ ಕಾಲರ್‌ನ ಎರಡು ಬೆರಳಿನಾಗ ಹಿಡದು ತಿಕ್ಕಿ ನೋಡ್ರಿ. ಮ್ಯಾಲಿನ ಪದರು ಬ್ಯಾರೆ ಸರದಂಗ ಆದ್ರ ಅದು ಹೊಸಾದಿದ್ದಾಗನ ಬಿಟ್ಟೈತಿ ಅಂತ ತಿಳಕೋರಿ. ಬಟ್ಟಿ ತಗೊಂಡು ಹೊಲಸೂರು ಟೇಲರಿಗೆ ಬಕ್ರಮ್ ನೀರಿಗೆ ಹಾಕಿ ಒಣಗಿಸಿ ಹಾಕ್ರಿ ಅಂತ ಹೇಳಬೇಕು. ಹೇಳದಿದ್ರ ಹಾಕೂದಿಲ್ಲ, ಮದುವಿ ಸೀಜನ್ನಿನಾಗಂತೂ ಕೇಳಬ್ಯಾಡ್ರಿ.

ಅಳತಿಯೊಳಗ ಬಿಡಬಾರದ ಜಾಗಾ ಒಂದ: ಭುಜ. ಭುಜದ ಹೊಲಿಗಿ ಎಲುಬಿನ ತುದಿಗೆ ಸರಿಯಾಗಿ ಬರಬೇಕು. ಉದ್ದ, ಬಗಲು, ತೋಳಿನ ಉದ್ದ ಎಲ್ಲಾ ತಿದ್ದಬಹುದು. ಭುಜ ತಿದ್ದೂದಂದ್ರ ತೋಳು ಬಿಚ್ಚಿ ಮತ್ತ ಕೂಡಸಬೇಕು, ಅಂಗಿ ರೇಟಿಗೆ ಅದು ತೂಗೂದಿಲ್ಲ. ಗುಂಡಿ ಹಾಕಿದ ಮ್ಯಾಲೆ ಕಾಲರ್‌ನಾಗ ಎರಡು ಬೆರಳು ಹಿಡೀಬೇಕು. ತೋಳು ಮಣಿಕಟ್ಟಿನ ಎಲುಬಿಗೆ ನಿಂದರಬೇಕು. ಚೌಕಡಿ ಇದ್ರ ಕಿಸೆ ಮ್ಯಾಲಿನ ಗೆರಿ ಅಂಗಿ ಗೆರಿಗೆ ಕೂಡೈತೇನು ನೋಡ್ರಿ. ಅದನ್ನ ಕೂಡಸಾಕ ಬಟ್ಟಿ ಹೆಚ್ಚಿಗಿ ಹೋಗತೈತಿ, ಉಳಸೂರು ಮೊದಲ ಉಳಸೂದು ಅಲ್ಲೇ.

ಪ್ಯಾಂಟಿನ ಸುದ್ದಿ ತಗದ್ರ ನನಗ ಇನ್ನೂ ಸಿಟ್ಟು ಬರತೈತಿ. ಹಿಂದಿನ ನಡುವಿನ ಹೊಲಿಗ್ಯಾಗ, ನಡಪಟ್ಟಿ ಹತ್ತಿರ, ಎರಡೂ ಕಡೆ ಒಂದೂವರಿ ಇಂಚು ಬಟ್ಟಿ ಬಿಟ್ಟಿರಬೇಕು. ಅಷ್ಟಿದ್ರ ಹೊಟ್ಟಿ ಬಂದ ಮ್ಯಾಲೂ ಎರಡು ಇಂಚು ಸಡ್ಲ ಮಾಡಬಹುದು. ರೆಡಿಮೇಡಿನಾಗ ಬಿಡೂದು ಬಹಳಾದ್ರ ಅರ್ಧ ಇಂಚು. ನಲವತ್ತರ ಮ್ಯಾಲೆ ಹೊಟ್ಟಿ ಬರದವರು ನಮ್ಮ ಕಡೆ ಎಷ್ಟು ಮಂದಿ ಅದಾರ್ರಿ? ಅಂದಮ್ಯಾಲೆ ಆ ಪ್ಯಾಂಟು "ಜೀವಮಾನಕ್ಕ ಸಾಕು" ಹೆಂಗಾತು? ಕೆಳಗ ಮಡಿಕಿ ಎರಡು ಇಂಚು ಇರಲಿ. ಕಿಸೆಯೊಳಗ ಕೈ ಹಾಕಿ ಕಿಸೆ ಬಟ್ಟಿ ಮುಟ್ರಿ, ತೆಳ್ಳನ್ನ ಪಾಲಿಸ್ಟರ್ ಇದ್ರ ಮೊದಲ ತೂತು ಬೀಳೂದು ಅದಕ್ಕ, ಕೀಲಿಕೈ ಇಟಗೊಳ್ಳೂರಿಗಂತೂ ಖಾತ್ರಿ. ದಪ್ಪ ಕಾಟನ್ ಇರಬೇಕು.

ಬಟ್ಟಿ ತಗೊಂಡು ಹೊಲಸೂದ ಚೊಲೋ ಅನ್ನೂರ ಪೈಕಿ ನಾನೂ. 58 ಇಂಚು ಪನ್ನಾ (ಬಟ್ಟಿ ಅಗಲ) ಇದ್ರ ತುಂಬುತೋಳಿನ ಅಂಗಿಗೆ 1.60 ಮೀಟರ್, ಪ್ಯಾಂಟಿಗೆ 1.20ರಿಂದ 1.30. ಪನ್ನಾ 36 ಇದ್ರ ಅಂಗಿಗೆ 2.25ರ ಮ್ಯಾಲೆ ಬೇಕು. ಆಳು ಎತ್ತರ ಇದ್ರ, ಮೈ ದಪ್ಪ ಇದ್ರ ಇನ್ನೂ ಹಿಡೀತೈತಿ, ಟೇಲರಿಗೆ ಕೇಳಿ ತಗೋರಿ. ಕಾಟನ್ ಬಟ್ಟಿ ನೂರಕ್ಕ 3ರಿಂದ 5 ಕುಗ್ಗತೈತಿ, ಅಂದ್ರ 30 ಇಂಚಿನ ಅಂಗಿ ಒಂದರಿಂದ ಒಂದೂವರಿ ಇಂಚು ಗಿಡ್ಡ ಆಗತೈತಿ. ಅದಕ್ಕ ಹೊಲಿಗಿಗೆ ಕೊಡೂಕಿಂತ ಮೊದಲ ರಾತ್ರಿಯಿಡೀ ನೀರಾಗ ನೆನಸಿ, ಹಿಂಡದ ನೆರಳಾಗ ಒಣಗಸ್ರಿ. ಖಾದಿಗಂತೂ ಇದನ್ನ ತಪ್ಪಸಬ್ಯಾಡ್ರಿ. ನಮ್ಮ ಬಾಗಲಕೋಟಿ ಹತ್ತಿರದ ತುಳಸಿಗೇರಿಯೊಳಗ ರಾಷ್ಟ್ರಧ್ವಜದ ಖಾದಿ ನೇಯ್ತಾರ, ನಮ್ಮ ಮಂದಿ ಮಾತ್ರ ಖಾದಿ ಅಂದ್ರ ಆಗಸ್ಟ್ ಹದಿನೈದಕ್ಕ ಹಾಕೂ ಅರಿವಿ ಅಂತ ತಿಳಕೊಂಡಾರ.

"ಪ್ಯೂರ್ ಕಾಟನ್ ಐತ್ರಿ" ಅಂತ ಅಂಗಡಿಯವ ಆಣಿ ಮಾಡಿದ್ರೂ ಅಂಚಿನ ಎರಡು ಎಳಿ ಕಿತ್ತಿ ಕಡ್ಡಿ ಗೀರ್ರಿ. ಕಾಟನ್ ಸುಟ್ಟ ಕಾಗದದ ವಾಸನಿ ಬರತೈತಿ, ಬೂದಿ ಮೆತ್ತಗ. ಪಾಲಿಸ್ಟರ್ ಕರಗಿ ಕರಿ ಗಟ್ಟಿ ಗುಂಡು ಆಗತೈತಿ. ರೇಷ್ಮಿ ಕೂದಲ ಸುಟ್ಟ ವಾಸನಿ, ಬೂದಿ ಬೆರಳಾಗ ಪುಡಿ ಆಗತೈತಿ. ಪಾಲಿಸ್ಟರ್ ಪಾಪದ್ದಲ್ಲ, ಪ್ಯಾಂಟಿನಾಗ ಒಂದಿಷ್ಟು ಇದ್ರ ಇಸ್ತ್ರೀ ನಿಂದರತೈತಿ. ನಮ್ಮ ಬಿಸಿಲಿಗೆ ಮೈಗೆ ಹತ್ತೂ ಅಂಗ್ಯಾಗ ಮಾತ್ರ ಬ್ಯಾಡ. "ಲಿನನ್ ಲುಕ್" ಅಂತ ಬರದದ್ದು ಕಂಡ್ರ ಅದರಾಗ ಲುಕ್ ಅಷ್ಟ ಐತಿ.

ಹೆಣ್ಮಕ್ಕಳ ಅರಿವಿಗೂ ಇದ ಮಾತು, ಇನ್ನೂ ಜೋರಾಗಿ. ಇಳಕಲ್ ಸೀರಿ ಮೈ ಎಲ್ಲಿ ಮುಗೀತೈತಿ, ಕೆಂಪು ಸೆರಗು ಎಲ್ಲಿ ಸುರು ಆಗತೈತಿ, ಆ ಜಾಗಾ ಹಿಂದ ತಿರುವ್ರಿ. ಮೈಯ ಹಾಸಿನ (ಉದ್ದಕ್ಕ ಹಾಯೂ) ಎಳಿ, ಸೆರಗಿನ ಹಾಸಿನ ಎಳಿ ಬ್ಯಾರೆ ಬ್ಯಾರೆ, ಒಂದರಾಗ ಒಂದು ಸಿಗಿಸಿ ಕೊಂಡಿ ಹಾಕಿ ಜೋಡಿಸಿರತಾರ. ಆ ಕೊಂಡಿ ಸಾಲು ಕಾಣತೈತಿ, ಬೆರಳಿಗೂ ಹತ್ತತೈತಿ. ಮೈಯ ಎಳೀನ ಹಂಗ ಸೆರಗಿನಾಗ ಹರದು ಹೋಗಿದ್ರ, ಇಲ್ಲಾ ಸೆರಗಿನ ಮ್ಯಾಲಿನ ಟೋಪ ತೆನಿ ವಿನ್ಯಾಸ ಬರೀ ಅಚ್ಚು ಒತ್ತಿದ್ದಿದ್ರ, ಅದಕ್ಕ ಇಳಕಲ್ ಅಂತ ರೊಕ್ಕಾ ಕೊಡಬ್ಯಾಡ್ರಿ. ಖಣಾನೂ ಹಂಗ: ನೇಯ್ದ ಬುಟ್ಟಾ ಹಿಂದ ತೇಲೂ ಎಳಿ ಬಿಟ್ಟಿರತೈತಿ, ಅಚ್ಚಿನ ಖಣ ಹಿಂದ ಬೋಳು. ಈಗ ಎಲ್ಲಾ ಕಡೆ "ಖಣ" ಅಂತ ಮೊಬೈಲ್ ಕವರಿನ ಮಟ ಬರಾಕ ಹತ್ತ್ಯಾವ, ಅರ್ಧಕ್ಕರ್ಧ ಪಾಲಿಸ್ಟರ್ ಮ್ಯಾಲಿನ ಅಚ್ಚು.

ಇನ್ನ ಕಸೂತಿ, ನಮ್ಮ ಕಡೆ ಕೈಲೆ ಹಾಕೂ ಸೂಜಿ ಕೆಲಸ. ಗವಂತಿ, ಮುರ್ಗಿ ಹೊಲಿಗಿ ಮುಂದೂ ಹಿಂದೂ ಒಂದ ನಮೂನಿ ಕಾಣತಾವ, ಗಂಟು ಹಾಕೂದಿಲ್ಲ. ನೇಗಿ, ಮೆಂತೆ ಹೊಲಿಗಿ ಹಂಗಲ್ಲ, ಅವಕ್ಕ ಹಿಂದ ಬ್ಯಾರೆ ಕಾಣತೈತಿ, ಅದು ತಪ್ಪಲ್ಲ. ಮಶೀನ್ ಕಸೂತಿ ಹಿಂದ ತಿರುವಿದ್ರ ಬಾಬಿನ್ (ಮಶೀನಿನ ಕೆಳಗಿನ) ದಾರ, ಅದರ ಮ್ಯಾಲೆ ಕಾಗದದಂಥಾ ಅಸ್ತರಿ ಅಂಟಿರತೈತಿ. ಹಿಂಬದಿ ಇಷ್ಟು ಸ್ವಚ್ಛ ಇಡೂ ಕಸೂತಿ ನಮ್ಮದು, ನಾವ ಹಿಂಬದಿ ನೋಡೂದು ಬಿಟ್ಟೇವಿ. ಯಾರಿಗೆ ಬೈಯೂಣು?

"ಇದೆಲ್ಲಾ ರೊಕ್ಕಾ ಇದ್ದವರ ಮಾತ್ರಿ, ಮೂರಕ್ಕ 999 ಬಿಟ್ಟು ನಾವು ಎಲ್ಲಿ ಹೋಗೂಣು" ಅಂತ ಯಾರರ ಬರದ ಬರೀತಾರ. ಒಪ್ಪತೇನಿ, ರೊಕ್ಕಾ ಎಲ್ಲಾರ ಕಡೆ ಒಂದ ಸಮ ಇರೂದಿಲ್ಲ. ಆದ್ರ ತಿರುವಿ ನೋಡಾಕ ರೊಕ್ಕಾ ಬೇಕೇನು? ಸಂತ್ಯಾಗ ರಾಶಿ ಹಾಕಿದ ಅಂಗ್ಯಾಗೂ ಮುಚ್ಚಿದ ಹೊಲಿಗಿದು ಸಿಗತಾವ, ಎಸಿ ಅಂಗಡ್ಯಾಗೂ ಬರೀ ಓವರ್‌ಲಾಕಿನವು ನೇತಾಡತಾವ. 400 ರೂಪಾಯಿ ಅಂಗಿ 20 ಸರ್ತಿ ಹಾಕಿ ಒರಸೂ ಅರಿವಿ ಆದ್ರ ಒಂದ ಸರ್ತಿಗೆ 20 ರೂಪಾಯಿ ಬಿತ್ತು. 1500ರದು 150 ಸರ್ತಿ ಬಂದ್ರ 10 ರೂಪಾಯಿ. ಸೋವಿ ಯಾವುದು ನೀವ ಹೇಳ್ರಿ.

ಗಂಡಸರಿಗೆ ನಮ್ಮ ಊರಾಗ ಇಷ್ಟಿದ್ರ ದಾಟತೈತಿ: ಬಿಳಿ ಅಂಗಿ ಎರಡು, ತಿಳಿನೀಲಿ ಎರಡು, ಖಾದಿ ನೆಹರು ಶರ್ಟು ಒಂದು, ಪ್ಯಾಂಟು ಕಡುನೀಲಿ, ಬೂದಿ, ಖಾಕಿ ಒಂದೊಂದು, ಒಂದು ಜೀನ್ಸು. ಯಾವುದರ ಮ್ಯಾಲೆ ಯಾವುದು ಹಾಕಿದ್ರೂ ನಡೀತೈತಿ. ಕರಿ ಅಂಗಿ ಬ್ಯಾಡ, ನಮ್ಮ ಬಿಸಿಲಾಗ ಒಣಗಿಸಿದ್ರ ಭುಜದ ಮ್ಯಾಲೆ ಕೆಂಚಗ ಆಗತೈತಿ, ಬೆವರಿನ ಉಪ್ಪು ಬೆಳ್ಳಗ ಗೆರಿ ಹೊಡೀತೈತಿ. (ಕರಿ ಅಂಗಿ ಪ್ರೇಮಿಗಳು ಸಿಟ್ಟ ಆಗ್ರಿ, ಅಡ್ಡಿ ಇಲ್ಲ.)

ಒಗ್ಯಾಣದಾಗೂ ಅರಿವಿ ತಿರುವೇ ಇರಬೇಕು. ಬಣ್ಣದ್ದು ಒಳಮಗ್ಗಲ ಹೊರಗ ಮಾಡಿ ಒಗೀರಿ, ಹಂಗ ನೆರಳಾಗ ಹಾಕ್ರಿ. ಬೋರಿನ ಗಡಸು ನೀರಿಗೆ ಬಾರ್ ಸಾಬೂನು ಹಚ್ಚಿದ್ರ ನೀರಿನಾಗಿನ ಸುಣ್ಣದ ಅಂಶ ಸಾಬೂನಿನ ಜೋಡಿ ಕೂಡಿ ಬಟ್ಟಿ ಮ್ಯಾಲೆ ಕೆನಿ ಕಟ್ಟತೈತಿ, ಬಿಳಿ ಅಂಗಿ ಬೂದಿ ಆಗೂದು ಅದಕ್ಕ. ಡಿಟರ್ಜೆಂಟ್ ಪುಡಿ ಹಾಕ್ರಿ, ನೆನಸೂ ಮುಂದ ಒಂದ ಚಮಚ ವಾಷಿಂಗ್ ಸೋಡಾ ಕೂಡಸ್ರಿ. ಬಗಲಿನ ಹಳದಿ ಕಲಿಗೆ ಬ್ಲೀಚ್ ಸುರೀಬ್ಯಾಡ್ರಿ. ಅದು ಬೆವರು, ಡಿಯೋಡರೆಂಟಿನ ಅಲ್ಯೂಮಿನಿಯಂ ಕೂಡಿ ಆದ ಕಲಿ, ಬ್ಲೀಚಿಗೆ ಇನ್ನೂ ಹಳದಿ ಆಗತೈತಿ. ರೇಷ್ಮಿ ಸೆರಗಿನ ಸೀರಿ ಪ್ಲಾಸ್ಟಿಕ್ ಚೀಲದಾಗ ಇಡಬ್ಯಾಡ್ರಿ, ಹಳೇ ಧೋತರದಾಗ ಸುತ್ತಿ, ಮೂರು-ನಾಕು ತಿಂಗಳಿಗೊಮ್ಮಿ ಮಡಿಕಿ ಬದಲಸ್ರಿ, ಇಲ್ಲಂದ್ರ ಮಡಿಕಿ ಗೆರಿ ಮ್ಯಾಲೇ ಸೀಳತೈತಿ.

ಹೊಸಾ ಅಂಗಿ ತಂದ ದಿನಾನ ಗುಂಡಿ ಹಿಂದೂ ನೋಡ್ರಿ. ಸೋವಿ ಅಂಗ್ಯಾಗ ಒಂದ ದಾರದಾಗ ಸರಪಳಿ ಟಾಕಿ ಹಾಕಿರತಾರ, ತುದಿ ಎಳದ್ರ ಪೂರ್ತಿ ಬಿಚ್ಚಿ ಗುಂಡಿ ಕೈಗೆ ಬರತೈತಿ. ಜೋಡಿ ದಾರ ತಗೊಂಡು, ಗುಂಡಿಗೂ ಬಟ್ಟಿಗೂ ನಡುವ ಬೆಂಕಿಕಡ್ಡಿ ಇಟ್ಟು ಹೊಲೀರಿ. ಕಡ್ಡಿ ತಗದು, ಉಳಿದ ಸಡ್ಲಿಗೆ ದಾರ ಮೂರು ಸುತ್ತು ಸುತ್ತಿ ಹಿಂದ ಗಂಟು ಹಾಕ್ರಿ. ಏಳು ಗುಂಡಿಗೆ ಅರ್ಧ ತಾಸು ಸಾಕು, ಅಷ್ಟೊತ್ತು ರೀಲ್ ಬಂದ್ ಮಾಡಿ ಇಡ್ರಿ.