ಕೊಂದರೆ ತಪ್ಪು, ಫಿನಿಶ್ ಮಾಡಿದರೆ ಸರಿ

2021ರ ಮಳೆಗಾಲದ ಒಂದು ಸಂಜೆ. ನಾನು ಪೋಚಿಂಕಿಯ ಒಂದು ಮನೆಯ ಮಹಡಿಯಲ್ಲಿ, ಕಿಟಕಿಯ ಕೆಳಗೆ ಕುಕ್ಕರುಗಾಲಲ್ಲಿ ಕೂತಿದ್ದೆ. ಕೆಳಗೆ ಯಾರೋ ಓಡಾಡುವ ಸಪ್ಪಳ. ಎಂ416 ಬಂದೂಕು ಎತ್ತಿ ಮೆಟ್ಟಿಲ ಕಡೆ ಗುರಿ ಇಟ್ಟು ಕಾದೆ. ತಲೆ ಕಂಡಿದ್ದೇ ತಡ, ಬಿಟ್ಟೆ. ಆಗಲೇ ಅಮ್ಮ ಕಾಫಿ ತಂದು ಬೆನ್ನ ಹಿಂದೆ ನಿಂತಿದ್ದಳು. ಆಟ ನಡೆಯುತ್ತಿದ್ದ ಫೋನಿಗೆ ಇಣುಕಿದಳು. ಪೋಚಿಂಕಿ ಇರುವುದು ಅದರೊಳಗೇ.

“ಏನೋ ಅದು? ಪುದೀನ ಚಟ್ನಿ ಚೆಲ್ಲಿದ ಹಾಗಿದೆ.”

“ರಕ್ತ ಅಮ್ಮ.”

“ಹಸಿರಾಗಿದೆ?”

“ಹ್ಞೂಂ. ಕೆಂಪಗಿದ್ರೆ ಮಕ್ಕಳು ಹಾಳಾಗ್ತಾರಂತೆ.”

ಅಮ್ಮ ಕಾಫಿ ಲೋಟ ಕೈಗೆ ಕೊಟ್ಟು ಸ್ವಲ್ಪ ಹೊತ್ತು ಯೋಚಿಸಿದಳು. “ಹಾಗಾದ್ರೆ ಬಂದೂಕು ಪರವಾಗಿಲ್ವಾ?”

ಈ ಪ್ರಶ್ನೆಗೆ ನನ್ನ ಹತ್ತಿರ ಇವತ್ತಿಗೂ ಉತ್ತರ ಇಲ್ಲ.

ಕಥೆ ಹಳೆಯದು, ಆದರೂ ಒಮ್ಮೆ ನೆನಪು ಮಾಡಿಕೊಳ್ಳೋಣ. 2020ರ ಸೆಪ್ಟೆಂಬರ್ 2ರಂದು ಕೇಂದ್ರ ಸರ್ಕಾರ 118 ಆ್ಯಪ್‌ಗಳನ್ನು ನಿಷೇಧಿಸಿತು. ಅದರಲ್ಲಿ ಈ ಬಂದೂಕಿನ ಆಟ, ಪಬ್‌ಜಿ ಮೊಬೈಲ್ ಕೂಡ ಇತ್ತು. ಕಾರಣ ದೇಶದ ಭದ್ರತೆ, ನಮ್ಮ ಡೇಟಾ. ಸರಿ, ಒಪ್ಪೋಣ. ಮುಂದಿನ ಜುಲೈಯಲ್ಲಿ ಅದೇ ಆಟ ಕೊರಿಯಾದ ಕ್ರಾಫ್ಟನ್ ಕಂಪನಿಯ ಕೈಯಿಂದ ಬಿಜಿಎಂಐ (ಬ್ಯಾಟಲ್‌ಗ್ರೌಂಡ್ಸ್ ಮೊಬೈಲ್ ಇಂಡಿಯಾ) ಅಂತ ಹೊಸ ಹೆಸರಿಟ್ಟುಕೊಂಡು ಬಂತು. ಮೊದಲು ಆಟ ನಡೆಸುತ್ತಿದ್ದ ಚೀನಾದ ಟೆನ್ಸೆಂಟ್ ಕಂಪನಿಯನ್ನು ಭಾರತದ ವ್ಯವಹಾರದಿಂದ ದೂರ ಇಟ್ಟರು, ಅದು ಬೇರೆ ಮಾತು. ಆದರೆ ಆಟದ ಒಳಗೆ ಆದ ಸುಧಾರಣೆ ಏನು ಗೊತ್ತಾ? ರಕ್ತದ ಬಣ್ಣ. ಹಲ್ಲು ನೋವು ಅಂತ ಹೋದವನ ಕಣ್ಣಿಗೆ ಡ್ರಾಪ್ಸ್ ಹಾಕಿ ಕಳಿಸಿದ ಹಾಗೆ.

ಬಣ್ಣದ ಜೊತೆ ಭಾಷೆಯೂ ಸುಧಾರಿಸಿತು. ಮೊದಲು ಶತ್ರುವನ್ನು ‘ಕಿಲ್’ ಮಾಡುತ್ತಿದ್ದೆವು. ಈಗ ‘ಫಿನಿಶ್’ ಮಾಡುತ್ತೇವೆ. ಎಷ್ಟು ಸಭ್ಯ ಅಲ್ವಾ? ಅದೇ ಬಂದೂಕು, ಅದೇ ಗುಂಡು, ಅದೇ ತಲೆ. ಆದರೆ ಈಗ ಅವನು ಸಾಯುವುದಿಲ್ಲ, ಮುಗಿಯುತ್ತಾನೆ. ನಮ್ಮೂರ ಹಳೇ ರೌಡಿಗಳು ಇದೇ ಮಾತು ಬಳಸುತ್ತಿದ್ದರು. ಅವರು ಇಷ್ಟು ಸಂಸ್ಕಾರವಂತರು ಅಂತ ಆಗ ಯಾರಿಗೂ ಹೊಳೆಯಲಿಲ್ಲ.

ಇದೆಲ್ಲ ನಿಜ ಪ್ರಪಂಚ ಅಲ್ಲ ಅಂತ ಆಟವೇ ನಮಗೆ ನೆನಪು ಮಾಡುತ್ತದೆ. ಒಳ್ಳೇದಾಯ್ತು. ಇಲ್ಲದಿದ್ದರೆ ಗೊತ್ತಾಗುತ್ತಿತ್ತಾ? ವಿಮಾನದಿಂದ 100 ಜನ ಬರಿಗೈಲಿ ಹಾರುತ್ತಾರೆ, ಕೊನೆಗೆ ಉಳಿದವನು ಗೆದ್ದ. ಎದೆಗೆ ನಾಲ್ಕು ಗುಂಡು ಬಿದ್ದವನು ಪೊದೆಯಲ್ಲಿ ಕೂತು ಬ್ಯಾಂಡೇಜ್ ಸುತ್ತಿ, ಎನರ್ಜಿ ಡ್ರಿಂಕ್ ಕುಡಿದು ಎದ್ದು ಓಡುತ್ತಾನೆ. ಹಿಂದೆ ನೇತುಹಾಕಿಕೊಂಡ ಬಾಣಲೆ ಬಂದೂಕಿನ ಗುಂಡನ್ನು ಟಣ್ ಅಂತ ತಡೆಯುತ್ತದೆ. ನಮ್ಮನೆ ದೋಸೆ ಕಾವಲಿಯ ಮೇಲೆ ಅಮ್ಮನಿಗೆ ಗೌರವ ಬಂದಿದ್ದೇ ಆ ಸದ್ದು ಕೇಳಿದ ಮೇಲೆ.

18 ತುಂಬದ ಮಕ್ಕಳಿಗೆ ಇನ್ನೂ ಬಿಗಿ. ದಿನಕ್ಕೆ ಮೂರೇ ಗಂಟೆ ಆಟ. ಜೊತೆಗೆ ಅಪ್ಪ ಅಮ್ಮನ ಒಪ್ಪಿಗೆ ಬೇಕು, ಅವರ ಫೋನಿಗೆ ಒಟಿಪಿ ಬರಬೇಕು. ಇದನ್ನು ಯೋಚಿಸಿದವರ ಮನೆಯಲ್ಲಿ ಮಕ್ಕಳಿಲ್ಲ ಅಂತ ಕಾಣುತ್ತೆ. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಹುಡುಗ ಆಡುವುದೇ ಅಮ್ಮನ ಫೋನಿನಲ್ಲಿ. ಗ್ಯಾಸ್ ಬುಕ್ ಮಾಡುವವನು ಅವನೇ, ಕರೆಂಟ್ ಬಿಲ್ ಕಟ್ಟುವವನು ಅವನೇ, “ಯಾರಿಗೂ ಒಟಿಪಿ ಹೇಳ್ಬೇಡಮ್ಮಾ” ಅಂತ ಬುದ್ಧಿ ಹೇಳಿದವನೂ ಅವನೇ. ಒಟಿಪಿ ಬಂತು, ಅವನೇ ಓದಿದ, ಅವನೇ ಒತ್ತಿದ. ತಾಯಿಯ ಆಶೀರ್ವಾದ ಸಿಕ್ಕಿತು.

ಆಟದೊಳಗೆ ಸಾಮಾನು ಕೊಳ್ಳುವ ಖರ್ಚಿಗೂ ಮಿತಿ ಇಟ್ಟರು. ಮಗು ಒಂದು ದಿನಕ್ಕೆ 7,000 ರೂಪಾಯಿಗಿಂತ ಜಾಸ್ತಿ ಖರ್ಚು ಮಾಡುವ ಹಾಗಿಲ್ಲ! ತಿಂಗಳಿಗೆ ಲೆಕ್ಕ ಹಾಕಿ. 2,10,000. ಇಷ್ಟು ಕಟ್ಟುನಿಟ್ಟು ಮಾಡಿದರೆ ಪಾಪ, ಮಗು ಬಂದೂಕಿಗೆ ಬಣ್ಣ ಹೇಗೆ ಹೊಡೆಸಬೇಕು?

ನಾವೊಬ್ಬರೇ ಹೀಗೆ ಅಂತ ಬೇಜಾರು ಬೇಡ. ಚೀನಾದಲ್ಲಿ 2019ರಲ್ಲಿ ಇದೇ ಆಟದ ಜಾಗಕ್ಕೆ ‘ಗೇಮ್ ಫಾರ್ ಪೀಸ್’ ಬಂತು. ಅಲ್ಲಿ ಗುಂಡು ತಿಂದವನು ಮಂಡಿಯೂರಿ, ತನ್ನ ಸಾಮಾನಿನ ಪೆಟ್ಟಿಗೆ ಮುಂದಿಟ್ಟು, ಟಾಟಾ ಮಾಡಿ ಮಾಯವಾಗುತ್ತಾನೆ. ಹೊಡೆದವನಿಗೆ ಅರಿಶಿನ ಕುಂಕುಮ ಕೊಡುವುದೊಂದು ಬಾಕಿ. ಇನ್ನು ಜರ್ಮನಿಯಲ್ಲಿ 1998ರಲ್ಲಿ ‘ಹಾಫ್ ಲೈಫ್’ ಆಟದ ಸೈನಿಕರನ್ನೆಲ್ಲ ರೋಬೋಟ್ ಮಾಡಿ ಬಿಟ್ಟಿದ್ದರು.

ಹಾಗಂತ ಈ ಆಟದ ಮೂಲ ಡಿಸೈನ್ ದಡ್ಡರದ್ದಲ್ಲ. ಎರಾಂಗೆಲ್ ಮ್ಯಾಪ್ ಎಂಟು ಕಿಲೋಮೀಟರ್ ಉದ್ದ, ಎಂಟು ಕಿಲೋಮೀಟರ್ ಅಗಲ. ಅಷ್ಟು ದೊಡ್ಡ ಜಾಗದಲ್ಲಿ 100 ಜನ ಒಬ್ಬರಿಗೊಬ್ಬರು ಸಿಗುವುದು ಹೇಗೆ? ಸುತ್ತಲಿಂದ ಝೋನ್ ಕಿರಿದಾಗುತ್ತಾ ಬರುತ್ತದೆ. ಹೊರಗೆ ಉಳಿದರೆ ಸಾವು. ಎಂಥ ಹೆದರುಪುಕ್ಕಲನೂ ಪೊದೆ ಬಿಟ್ಟು ಎದ್ದು ಓಡಲೇಬೇಕು. ಈ ಒಂದು ಐಡಿಯಾದ ಮೇಲೆ ಇಡೀ ಆಟ ನಿಂತಿದೆ. ಅದನ್ನು ಇನ್ನೂ ಚೆನ್ನಾಗಿ ಮಾಡೋಕೆ ಕೆಲಸ ಬೇಕಾದಷ್ಟಿತ್ತು. ಗೋಡೆಯಾಚೆ ನೋಡುವ ಹ್ಯಾಕರ್, ಗದ್ದೆ ನಡುವೆ ಬೆದರುಬೊಂಬೆ ಹಾಗೆ ನಿಲ್ಲುವ ಬಾಟ್ ಅನ್ನೋ ಕಂಪ್ಯೂಟರ್ ಆಟಗಾರ, ಮೂರನೇ ಮ್ಯಾಚಿಗೆ ಇಸ್ತ್ರಿ ಪೆಟ್ಟಿಗೆಯಾಗುವ ಅಗ್ಗದ ಫೋನು. ಆಡುವವರನ್ನು ಕೇಳಿ, ಇದೇ ಪಟ್ಟಿ ಕೊಡುತ್ತಾರೆ. “ಗುರು, ರಕ್ತದ ಬಣ್ಣ ಸ್ವಲ್ಪ ಸರಿ ಮಾಡ್ಸಿ” ಅಂದ ಒಬ್ಬನನ್ನೂ ನಾನು ನೋಡಿಲ್ಲ. ಹಸಿರು ಬಂದಿದ್ದು ಆಡುವವರಿಗಲ್ಲ, ಹಿಂದೆ ನಿಂತು ಇಣುಕುವವರಿಗೆ.

ಇಣುಕುವವರ ಕಾಟ ಎಷ್ಟಿತ್ತು ಅಂದರೆ, 2019ರ ಮಾರ್ಚ್‌ನಲ್ಲಿ ಗುಜರಾತಿನ ರಾಜ್‌ಕೋಟ್‌ನಲ್ಲಿ ಪಬ್‌ಜಿ ಆಡಿದ್ದಕ್ಕೆ ಹುಡುಗರನ್ನು ಹಿಡಿದರು. ಪೊಲೀಸರು ಹತ್ತಿರ ಬಂದರೂ ಅವರಿಗೆ ಗೊತ್ತಾಗಲಿಲ್ಲವಂತೆ, ಅಷ್ಟು ಮುಳುಗಿದ್ದರಂತೆ. ನನಗೆ ಆಗ ಅನಿಸಿದ್ದು ಒಂದೇ. ಹೆಜ್ಜೆ ಸಪ್ಪಳ ಕೇಳದವರು ಅಲ್ಲೂ ಬೇಗ ಔಟ್ ಆಗುತ್ತಾರೆ, ಇಲ್ಲೂ.

2022ರ ಜುಲೈ 28ಕ್ಕೆ ಬಿಜಿಎಂಐ ಕೂಡ ಆ್ಯಪ್ ಸ್ಟೋರ್‌ಗಳಿಂದ ಮಾಯವಾಯಿತು. ಆದರೆ ಫೋನಿನಲ್ಲಿ ಮೊದಲೇ ಇದ್ದವರು ಆಡುತ್ತಲೇ ಇದ್ದರು. ಅಂಗಡಿಯ ಬೋರ್ಡು ಇಳಿಸಿದ್ದರು, ಹಿಂಬಾಗಿಲು ತೆರೆದೇ ಇತ್ತು. 2023ರ ಮೇಯಲ್ಲಿ ಮತ್ತೆ ಬಂತು, ಮೂರು ತಿಂಗಳ ಪರೀಕ್ಷೆಯ ಮೇಲೆ. ಈ ಸಲ ದೊಡ್ಡವರಿಗೂ ಮಿತಿ, ದಿನಕ್ಕೆ ಆರು ಗಂಟೆ. ಆರು ಗಂಟೆ ಪಬ್‌ಜಿ ಆಡಿ ಇನ್ನೂ ಸಾಲದು ಅನ್ನುವವನಿಗೆ ಗಡಿಯಾರ ತೋರಿಸಿ ಪ್ರಯೋಜನ ಇಲ್ಲ, ಹೆಣ್ಣು ನೋಡಬೇಕು ಅಂತ ಅಮ್ಮ ಅಂದಳು.

ಆ ಮಳೆಗಾಲದ ಸಂಜೆ ನಾನು ಕೊನೇ ಝೋನ್‌ವರೆಗೂ ಉಳಿದಿದ್ದೆ. ಇನ್ನು ಇಬ್ಬರೇ. ಹುಲ್ಲಿನಲ್ಲಿ ಮಲಗಿ ಉಸಿರು ಬಿಗಿ ಹಿಡಿದಿದ್ದೆ. ಎಲ್ಲಿಂದಲೋ ಒಂದೇ ಗುಂಡು ಬಂತು. ಹಸಿರು ಚಿಮ್ಮಿತು.

“ಫಿನಿಶ್ ಆದೆ ಅಮ್ಮಾ.”

“ಆಯ್ತಲ್ಲ? ಹಾಗಾದ್ರೆ ಕೈ ತೊಳ್ಕೊಂಡು ಬಾ, ತಟ್ಟೆ ಹಾಕಿದೀನಿ.”

ಗೆದ್ದವನಿಗೆ ಆಟದಲ್ಲಿ ಚಿಕನ್ ಡಿನ್ನರ್. ನನ್ನ ತಟ್ಟೆಯಲ್ಲಿ ಮುದ್ದೆ, ಪಕ್ಕದಲ್ಲಿ ಸೊಪ್ಪಿನ ಸಾರು. ಅದೇ ಬಣ್ಣ.