ಹೊಸಬರಿಗೆ .30-06 ಬೇಡ ಸರ್

ಮೊದಲ ಸಲ ಜಿಂಕೆ ಬೇಟೆಗೆ ಹೋಗುವವರು ನೇರವಾಗಿ .30-06 ಎಂಬ ಬಲವಾದ ಗುಂಡಿನ ರೈಫಲ್ಲನ್ನೇ ಕೊಳ್ಳಲಿ ಎಂದು ಬರೆದಿದ್ದೀರಿ. ನಾನು ಒಪ್ಪುವುದಿಲ್ಲ ಸರ್. ನಮ್ಮ ದಾವಣಗೆರೆ ಕಡೆ ಈಗ ಬೇಟೆಯ ಮಾತೇ ಇಲ್ಲ, 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಅದು ಅಪರಾಧ. ಆದರೆ ನಮ್ಮ ಅಕ್ಕನ ಮಗ ಅಮೆರಿಕದ ಮೊಂಟಾನಾದಲ್ಲಿದ್ದಾನೆ. ಅಲ್ಲಿ ಲೈಸೆನ್ಸ್ ತಗೊಂಡು ಹೋಗಬಹುದು. ಗೆಳೆಯರ ಮಾತು ಕೇಳಿ ಅವನೂ .30-06 ಹಿಡಿದ. ಹತ್ತು ಗುಂಡು ಹಾರಿಸುವಷ್ಟರಲ್ಲಿ ಭುಜ ಕೆಂಪಾಯಿತು. ಆಮೇಲೆ ಟ್ರಿಗರ್ ಒತ್ತುವ ಮೊದಲೇ ಕಣ್ಣು ಮುಚ್ಚಿಕೊಳ್ಳುತ್ತಿದ್ದ. ಈ ಹೆದರಿಕೆ ಒಮ್ಮೆ ಮೈಗೆ ಹತ್ತಿದರೆ ಬಿಡಿಸುವುದು ಬಹಳ ಕಷ್ಟ. ತಿಂಗಳುಗಟ್ಟಲೆ .22 ಎಂಬ ಪುಟ್ಟ ಗುಂಡಿನ ರೈಫಲ್ಲಿನಲ್ಲಿ ಅಭ್ಯಾಸ ಮಾಡಿ ಈಗ .243 ವಿಂಚೆಸ್ಟರ್ ಗುಂಡಿನ ರೈಫಲ್ ಬಳಸುತ್ತಿದ್ದಾನೆ. ಗುಂಡು ಹಾರಿದಾಗ ಭುಜಕ್ಕೆ ಬೀಳುವ ಅದರ ಒದೆತ .30-06ರ ಸುಮಾರು ಅರ್ಧ. 100 ಗ್ರೇನ್ ಗುಂಡು, ಅಂದರೆ ಆರೂವರೆ ಗ್ರಾಂ, ಸರಿಯಾದ ಜಾಗಕ್ಕೆ ಬಿದ್ದರೆ ಜಿಂಕೆಗೆ ಸಾಕು. ದೊಡ್ಡ ಗುಂಡೇ ಆದರೂ ಹೊಟ್ಟೆಗೆ ತಾಗಿದರೆ ಪ್ರಾಣಿ ನರಳಿ ನರಳಿ ಸಾಯುತ್ತದೆ. ಪಾಪ ಅಲ್ವಾ? ಎಲ್ಕ್‌ನಂಥ ದೊಡ್ಡ ಪ್ರಾಣಿಗೆ .243 ಸಾಲದು, ಅದು ನಿಜ. ಇನ್ನೊಂದು ಮಾತು, ಹೊರಲು ಸುಲಭ ಅಂತ ತೀರಾ ಹಗುರವಾದ ರೈಫಲ್ ಕೊಳ್ಳಬೇಡಿ. ಗುಂಡು ಅದೇ ಇದ್ದರೂ ಒದೆತ ಜಾಸ್ತಿಯಾಗುತ್ತದೆ. ರೈಫಲ್ಲಿನ ಭುಜಕ್ಕೆ ತಾಗುವ ಹಿಂಬದಿಗೆ ಒಳ್ಳೆಯ ರಬ್ಬರ್ ಪ್ಯಾಡ್ ಹಾಕಿಸಿ.